ದೊಡ್ಡವಳ ಕಾಲೇಜು

ಬೆಳಗ್ಗೆ ಎಂಟು ಗಂಟೆಗೆ ಫೋನ್ ಬಡಿದುಕೊಂಡರೆ ಆ ಮನೆಯಲ್ಲಿ ಎತ್ತುವ ಕೆಲಸ ಅತ್ತೆಯದು. ಅತ್ತೆಗೆ ಬಲಗಿವಿ ಪೂರ್ತಿ ಕೇಳುವುದಿಲ್ಲ, ಎಡಗಿವಿ ಬೇಕೆನಿಸಿದಾಗ ಮಾತ್ರ ಕೇಳುತ್ತದೆ. ಬಾಕಿ ವಸೂಲಿಗೆ ಫೋನ್ ಮಾಡುವ ಕ್ರೆಡಿಟ್ ಕಾರ್ಡ್ ಕಂಪನಿಯವರ ಜೊತೆ ಮಾತಾಡಲು ಇದಕ್ಕಿಂತ ದೊಡ್ಡ ಅರ್ಹತೆ ಬೇಕಿರಲಿಲ್ಲ.

"ಹಲೋ, ಯಾರಪ್ಪಾ? ಹೋದ ವಾರ ಮಾತಾಡಿದವನೇನಾ? ನಿಂಗೆ ಶೀತ ಆಗಿತ್ತಲ್ಲ, ಹೋಯ್ತಾ? ಬಿಸಿನೀರು ಕುಡೀತಿದೀಯಾ? ಏನು, ಸೊಸೇನಾ? ಸೊಸೆ ಸ್ನಾನಕ್ಕೆ ಹೋಗಿದಾಳೆ. ಹೌದಪ್ಪ, ಮೊನ್ನೇನೂ ಸ್ನಾನಕ್ಕೇ ಹೋಗಿದ್ಲು. ಚೊಕ್ಕಟ ಜಾಸ್ತಿ ಅವಳಿಗೆ, ಏನು ಮಾಡೋದು!"

ಸೊಸೆ ಬಾಗಿಲ ಬಳಿಯೇ ನಿಂತಿದ್ದಳು. ಕೈಯಲ್ಲಿ ಊಟದ ಡಬ್ಬಿ, ಕಾಲಿಗೆ ಚಪ್ಪಲಿ. ಫೋನಿನ ಆಚೆ ಇರುವವನಿಗೆ ತನ್ನ ಉಸಿರು ಕೇಳಿಬಿಟ್ಟೀತು ಎಂಬಂತೆ ಉಸಿರು ಬಿಗಿಹಿಡಿದಿದ್ದಳು. ಮೊದಮೊದಲು ಅತ್ತೆಯ ಈ ಆಟಕ್ಕೆ ಇಡೀ ಮನೆ ನಗುತ್ತಿತ್ತು. ಈಗ ಯಾರೂ ನಗುವುದಿಲ್ಲ, ಅತ್ತೆಯೂ ಫೋನ್ ಇಟ್ಟ ಮೇಲೆ ಸುಮ್ಮನೆ ಗೋಡೆ ನೋಡುತ್ತಾ ಕೂರುತ್ತಾರೆ.

"ಎಷ್ಟು ದಿನ ಅಂತ ಸ್ನಾನ ಮಾಡಿಸ್ಲಿ ನಿಂಗೆ?" ಎಂದರು ಅತ್ತೆ.

ಅವಳು ಕೆಲಸಕ್ಕೆ ಹೊರಟಳು.

ಅವಳಿಗೆ ಕೆಲಸ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ. ಅಲ್ಲಿ ಎಲ್ಲರೂ ಅವಳನ್ನು ಅಂಚಮ್ಮ ಎನ್ನುತ್ತಾರೆ. ಹಾಸಿಗೆಯ ಬಟ್ಟೆ ಮಡಿಸುವಾಗ ಅಂಚಿಗೆ ಅಂಚು ಕೂಡದಿದ್ದರೆ ಅವಳು ಬಿಡುವವಳಲ್ಲ. ಬಿಚ್ಚಿ, ಕೊಡವಿ, ಮತ್ತೆ ಮಡಿಸುತ್ತಾಳೆ. ಹದಿನಾಲ್ಕು ವರ್ಷದಿಂದ ಅದೇ ಕೆಲಸ. ಇಸ್ತ್ರಿಯ ಬಿಸಿ ರೋಲರಿನಿಂದ ಬಟ್ಟೆ ಹೊರಬಂದ ಕೂಡಲೇ ಇಬ್ಬರು ಹೆಂಗಸರು ಎರಡೆರಡು ಮೂಲೆ ಹಿಡಿಯಬೇಕು, ಎಳೆದು ಕೊಡವಬೇಕು, ನಡೆದು ಬಂದು ಒಬ್ಬರ ಮೂಲೆ ಇನ್ನೊಬ್ಬರ ಕೈಗೆ ಕೊಡಬೇಕು, ಮತ್ತೆ ಹಿಂದೆ ಸರಿಯಬೇಕು. ರೋಲರಿನ ಗದ್ದಲದಲ್ಲಿ ದೂರ ನಿಂತಾಗ ಏನೂ ಕೇಳಿಸುವುದಿಲ್ಲ. ಆದ್ದರಿಂದ ಅಲ್ಲಿಯ ಮಾತೆಲ್ಲ ತುಂಡು ತುಂಡು. ಹತ್ತಿರ ಬಂದಾಗ ಒಂದು ಮಾತು, ದೂರ ಹೋದಾಗ ಮೌನ.

ಬಟ್ಟೆಯ ಆ ತುದಿ ಹಿಡಿಯುವವಳು ಲೆಕ್ಕದಕ್ಕ. ಐವತ್ತೈದು ದಾಟಿದ ಹೆಂಗಸು, ಒಂಟಿ. ಗಾಡಿಯಲ್ಲಿ ರಾಶಿ ಬಿದ್ದ ಬಟ್ಟೆಯನ್ನು ದೂರದಿಂದ ನೋಡಿಯೇ ಇಷ್ಟಿದೆ ಎಂದು ಹೇಳುತ್ತಾಳೆ, ಎಣಿಸಿದರೆ ಒಂದೋ ಎರಡೋ ವ್ಯತ್ಯಾಸ. ಕೆಲಸಗಾರರ ಉಳಿತಾಯ ಸಂಘದಲ್ಲಿ ಸಮಿತಿಯ ಸದಸ್ಯೆ. ಯಾರಿಗೆ ಯಾವ ಕಾಗದ ಅರ್ಥವಾಗದಿದ್ದರೂ ಅವಳ ಹತ್ತಿರ ತರುತ್ತಾರೆ.

ಅಂದು ಹತ್ತಿರ ಬಂದಾಗ ಲೆಕ್ಕದಕ್ಕ ಕೇಳಿದಳು: "ಮೂರು ದಿನದಿಂದ ನೋಡ್ತಿದೀನಿ, ನಿನ್ನ ಅಂಚು ಕೂಡ್ತಿಲ್ಲ. ಏನಾಯ್ತೇ?"

"ಏನಿಲ್ಲಕ್ಕ."

ದೂರ ಸರಿದರು. ಮತ್ತೆ ಹತ್ತಿರ ಬಂದರು.

"ಏನಿಲ್ಲ ಅನ್ನೋ ಮುಖ ಹೀಗಿರಲ್ಲ."

ಮೂರನೆಯ ಬಟ್ಟೆಗೆ ಅಂಚಮ್ಮನ ಏಪ್ರನ್ ಜೇಬಿನಿಂದ ಒಂದು ಕಾಗದ ಹೊರಬಂತು. ನಾಲ್ಕಾಗಿ ಮಡಿಸಿದ್ದು, ಅಂಚಿಗೆ ಅಂಚು ಸರಿಯಾಗಿ ಕೂಡಿದ್ದು ಆ ದಿನ ಅದೊಂದೇ. ಕಾರ್ಡ್ ಕಂಪನಿಯ ಕೊನೆಯ ಎಚ್ಚರಿಕೆ. ಮೂರು ವಾರದೊಳಗೆ ಬಾಕಿ ತೀರಿಸಬೇಕು, ಇಲ್ಲವಾದರೆ ಕೋರ್ಟಿಗೆ ಹೋಗಿ ಸಂಬಳದಲ್ಲೇ ಹಿಡಿಸಿಕೊಳ್ಳುತ್ತೇವೆ ಎಂದು ಬರೆದಿತ್ತು.

ಲೆಕ್ಕದಕ್ಕ ಕಾಗದವನ್ನು ಬೆಳಕಿಗೆ ಹಿಡಿದು ಓದಿದಳು. "ಎರಡು ಲಕ್ಷದ ಅರವತ್ತು ಸಾವಿರ. ಶುರುವಿನಲ್ಲಿ ಎಷ್ಟಿತ್ತು?"

"ಎರಡು ವರ್ಷದ ಹಿಂದೆ ಎರಡು ಲಕ್ಷ ಇಪ್ಪತ್ತು."

"ತಿಂಗಳು ತಿಂಗಳು ಏನೂ ಕಟ್ಟಲೇ ಇಲ್ವಾ?"

"ಕಟ್ಟಿದೀವಕ್ಕ! ಎಂಟೆಂಟು ಸಾವಿರ, ಇಪ್ಪತ್ತೆರಡು ತಿಂಗಳು ತಪ್ಪಿಸಿಲ್ಲ. ಈಗ ಎರಡು ತಿಂಗಳಿಂದ ಇವರಿಗೆ ಓವರ್‌ಟೈಮ್ ನಿಂತಿದೆ, ಅದಕ್ಕೇ ಆಗಿಲ್ಲ."

ಅಂಚಮ್ಮನ ಗಂಡ ಲಿಫ್ಟ್ ರಿಪೇರಿ ಮಾಡುವವನು. ಓವರ್‌ಟೈಮ್ ಇದ್ದರೆ ಮನೆಗೆ ಹಣ, ಇಲ್ಲದಿದ್ದರೆ ಬರಿಯ ಗ್ರೀಸ್ ಕಲೆ.

"ಇಪ್ಪತ್ತೆರಡು ಎಂಟಲಿ ನೂರ ಎಪ್ಪತ್ತಾರು. ಒಂದು ಲಕ್ಷ ಎಪ್ಪತ್ತಾರು ಸಾವಿರ ಕಟ್ಟಿದೀಯ, ಸಾಲ ನಲವತ್ತು ಸಾವಿರ ಜಾಸ್ತಿ ಆಗಿದೆ!" ಲೆಕ್ಕದಕ್ಕನ ದನಿ ಏರಿತು. "ಯಾಕೆ ಗೊತ್ತಾ? ನೂರಕ್ಕೆ ತಿಂಗಳಿಗೆ ಮೂರು ಬಡ್ಡಿ. ವರ್ಷಕ್ಕೆ ಮೂವತ್ತಾರು. ಈಗಿನ ಸಾಲಕ್ಕೆ ತಿಂಗಳಿಗೆ ಏಳು ಸಾವಿರದ ಎಂಟುನೂರು ಬಡ್ಡಿಗೇ ಹೋಗುತ್ತೆ. ನೀನು ಕಟ್ಟೋ ಎಂಟು ಸಾವಿರದಲ್ಲಿ ಸಾಲಕ್ಕೆ ತಲುಪೋದು ಇನ್ನೂರು. ಅದ್ರ ಮೇಲೆ ಮತ್ತೆ ಕಾರ್ಡಿಂದ ತೆಗೆದಿದೀಯ ಅನ್ಸುತ್ತೆ, ಇಲ್ದಿದ್ರೆ ಇಷ್ಟಾಗಲ್ಲ. ತೆಗೆದಿದೀಯಾ?"

ಅಂಚಮ್ಮ ತಲೆ ತಗ್ಗಿಸಿದಳು.

"ಎಷ್ಟು?"

"ತಿಂಗಳಿಗೆ ಎರಡು ಸಾವಿರ. ಸಂಬಳ ಏಳಕ್ಕೆ ಬರುತ್ತೆ. ನನಗೆ ಐದನೇ ತಾರೀಖಿಗೆ ಬೇಕಿತ್ತು."

"ಐದಕ್ಕೆ ಏನು?"

ಅಂಚಮ್ಮ ಮುಂದಿನ ಬಟ್ಟೆಯ ಮೂಲೆ ಹಿಡಿದು ಹಿಂದೆ ಸರಿದಳು.

"ಹೋಗ್ಲಿ ಬಿಡು," ಎಂದಳು ಲೆಕ್ಕದಕ್ಕ. "ಎಲ್ಲಾದ್ರೂ ಕೂಡಿಟ್ಟಿದ್ದು ಇದೆಯಾ? ಬ್ಯಾಂಕಿನಲ್ಲಿ, ನಿಧಿಯಲ್ಲಿ?"

"ಇದೆ. ಮೂರು ಲಕ್ಷ ತೊಂಬತ್ತಾರು ಸಾವಿರ. ಆದ್ರೆ ಅದು ಆಗಲ್ಲ."

"ಯಾಕಾಗಲ್ಲ?"

"ಅದು ದೊಡ್ಡವಳ ಕಾಲೇಜಿಂದು."

ಲೆಕ್ಕದಕ್ಕನ ಕೈ ಸಡಿಲಿತು. ಬಟ್ಟೆ ನೆಲಕ್ಕೆ ಬಿತ್ತು. ನೆಲಕ್ಕೆ ಬಿದ್ದದ್ದು ಮತ್ತೆ ಒಗೆಯಲು ಹೋಗಬೇಕು, ಅದು ಅಲ್ಲಿಯ ನಿಯಮ. ಹದಿನಾಲ್ಕು ವರ್ಷದಲ್ಲಿ ಲೆಕ್ಕದಕ್ಕನ ಕೈಯಿಂದ ಬಟ್ಟೆ ಬಿದ್ದದ್ದನ್ನು ಯಾರೂ ನೋಡಿರಲಿಲ್ಲ.

ಏಕೆಂದರೆ ದೊಡ್ಡವಳು, ಅಂಚಮ್ಮನ ಹಿರಿಯ ಮಗಳು, ತೀರಿಹೋಗಿ ಎರಡು ವರ್ಷವಾಗಿತ್ತು. ಹದಿನಾರು ತುಂಬಿ ಮೂರು ತಿಂಗಳಿಗೆ. ಲಾಂಡ್ರಿಯವರೆಲ್ಲ ಆ ದಿನ ಮನೆಗೆ ಬಂದಿದ್ದರು.

ಆ ನಿಧಿ ಶುರುವಾದಾಗ ದೊಡ್ಡವಳಿಗೆ ಏಳು ವರ್ಷ. ತಿಂಗಳಿಗೆ ಎರಡು ಸಾವಿರ. ಅವಳಿಗೆ ಎಲ್ಲವನ್ನೂ ಅಳೆಯುವ ಹುಚ್ಚು. ಮನೆಯ ಬಾಗಿಲು, ಅಜ್ಜಿಯ ಜಡೆ, ಅಪ್ಪನ ಬೂಟು, ಎಲ್ಲಕ್ಕೂ ಟೇಪು. ಸೇತುವೆ ಕಟ್ಟುವುದನ್ನು ಓದುತ್ತೇನೆ ಎನ್ನುತ್ತಿದ್ದಳು. ಬ್ಯಾಂಕಿನವರು ಖಾತೆಗಳಿಗೆಲ್ಲ ಫೋನಿನಲ್ಲಿ ನಮಗೆ ಬೇಕಾದ ಹೆಸರು ಇಡಬಹುದು ಎಂದಾಗ ಅವಳೇ ಅಮ್ಮನ ಫೋನು ಕಸಿದುಕೊಂಡು ಬರೆದಳು, 'ದೊಡ್ಡವಳ ಕಾಲೇಜು'. ಅಂದಿನಿಂದ ಪ್ರತಿ ತಿಂಗಳು ಐದನೆಯ ತಾರೀಖು ಸಂದೇಶ ಬರುತ್ತಿತ್ತು. ದೊಡ್ಡವಳ ಕಾಲೇಜು ಖಾತೆಗೆ ಎರಡು ಸಾವಿರ ಜಮಾ ಆಗಿದೆ.

ಕಾಯಿಲೆ ಬಿದ್ದಾಗ ಆಸ್ಪತ್ರೆಗೆ ಕಟ್ಟಲು ಹಣ ಬೇಕಾಯಿತು. ನಿಧಿಯನ್ನು ಮುರಿಸುವ ಮಾತು ಗಂಡ ಒಮ್ಮೆ ಎತ್ತಿದ್ದ. ಅಂಚಮ್ಮ ಅವನ ಮೇಲೆ ಹರಿಹಾಯ್ದಿದ್ದಳು. ಹುಷಾರಾಗಿ ಬಂದ ಮೇಲೆ ಅವಳು ಯಾವ ಹಣದಲ್ಲಿ ಓದಬೇಕು? ಕಾಲೇಜಿನ ಹಣ ಮುರಿಸಿದರೆ ಅವಳು ಕಾಲೇಜಿಗೆ ಹೋಗುವುದಿಲ್ಲ ಎಂದು ತಾವೇ ಒಪ್ಪಿಕೊಂಡ ಹಾಗೆ ಅನಿಸಿತ್ತು. ಅದಕ್ಕೇ ಕಾರ್ಡು ಉಜ್ಜಿದರು. ಮತ್ತೆ ಉಜ್ಜಿದರು.

ಅವಳು ಹೋದ ಮೇಲೆ ಜನ ಅವಳ ಹೆಸರೆತ್ತುವುದನ್ನು ಬಿಟ್ಟರು. ಅಂಚಮ್ಮನ ಎದುರು ಅಳತೆ ಟೇಪನ್ನೂ ಯಾರೂ ತೆಗೆಯುತ್ತಿರಲಿಲ್ಲ. ಆ ಸಂದೇಶವೊಂದು ಮಾತ್ರ ಏನೂ ಆಗಿಲ್ಲ ಎಂಬಂತೆ ಐದನೆಯ ತಾರೀಖು ಬರುತ್ತಿತ್ತು. ದೊಡ್ಡವಳ ಕಾಲೇಜು ನಡೆಯುತ್ತಿದೆ ಎಂದು ಹೇಳುವುದು ಜಗತ್ತಿನಲ್ಲಿ ಅದೊಂದೇ ಉಳಿದಿತ್ತು. ಅದು ನಿಲ್ಲದಿರಲಿ ಎಂದು ಅಂಚಮ್ಮ ಪ್ರತಿ ತಿಂಗಳು ನಾಲ್ಕನೆಯ ತಾರೀಖು ಕಾರ್ಡಿನಿಂದ ಎರಡು ಸಾವಿರ ತೆಗೆದು ಖಾತೆಗೆ ಹಾಕುತ್ತಿದ್ದಳು.

"ಅಂಚಮ್ಮಾ," ಲೆಕ್ಕದಕ್ಕ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಆ ನಿಧಿ ನೂರಕ್ಕೆ ವರ್ಷಕ್ಕೆ ಏಳು ತರುತ್ತೆ. ಈ ಸಾಲ ಮೂವತ್ತಾರು ತಿನ್ನುತ್ತೆ. ಕೂಡಿಟ್ಟಿರೋ ದುಡ್ಡು ನಿನ್ನ ಕೈಯಲ್ಲೇ ಇದೆ, ಆದ್ರೂ..."

"ನಿಮಗೆ ಮಕ್ಕಳಿದ್ದಿದ್ರೆ ಹೀಗೆ ಹೇಳ್ತಿರ್ಲಿಲ್ಲ."

ಬಾಯಿಂದ ಬಂದುಹೋಯಿತು. ಲೆಕ್ಕದಕ್ಕ ಬಗ್ಗಿ, ಬಿದ್ದ ಬಟ್ಟೆಯನ್ನು ಎತ್ತಿಕೊಂಡು ಒಗೆಯುವ ಗಾಡಿಯ ಕಡೆಗೆ ನಡೆದಳು. ಆ ದಿನ ಉಳಿದ ನೂರ ಹತ್ತು ಬಟ್ಟೆಯನ್ನು ಇಬ್ಬರೂ ಮಾತಿಲ್ಲದೆ ಮಡಿಸಿದರು.

ಮರುದಿನ ಐದನೆಯ ತಾರೀಖು.

ಸಂಜೆ ಅಂಚಮ್ಮ ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಚಿಕ್ಕವಳು ಮೇಜಿನ ಬಳಿ ಮನೆಪಾಠ ಬರೆಯುತ್ತಿದ್ದಳು. ಅವಳಿಗೆ ಹತ್ತು ವರ್ಷ. ಪುಸ್ತಕದ ಮೇಲೆ ಎಷ್ಟು ಬಗ್ಗುತ್ತಿದ್ದಳೆಂದರೆ ಹಿಂದಿನಿಂದ ನೋಡಿದರೆ ಮಲಗಿದ್ದಾಳೆ ಅನಿಸುತ್ತಿತ್ತು. ನಾಲ್ಕು ತಿಂಗಳ ಹಿಂದೆಯೇ ಕಣ್ಣಿನ ಡಾಕ್ಟರು ಕನ್ನಡಕಕ್ಕೆ ಚೀಟಿ ಬರೆದುಕೊಟ್ಟಿದ್ದರು. ಚೀಟಿ ಕಪಾಟಿನ ಬಾಗಿಲಿಗೆ ಅಂಟಿಕೊಂಡೇ ಇತ್ತು. ಕಾರ್ಡು ಮುಚ್ಚಿಹೋದ ಮೇಲೆ ಎರಡು ತಿಂಗಳಿಂದ ನಿಧಿಯ ಎರಡು ಸಾವಿರಕ್ಕೆ ಅಂಚಮ್ಮ ಕೈಹಾಕಿದ್ದು ಕನ್ನಡಕಕ್ಕೆಂದು ಎತ್ತಿಟ್ಟ ಡಬ್ಬಿಗೆ. ಇದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದಳು.

ಫೋನು ಸದ್ದು ಮಾಡಿತು. ಚಿಕ್ಕವಳು ಎತ್ತಿಕೊಂಡು ಪರದೆಗೆ ಮೂಗು ತಾಗಿಸಿ ಓದಿದಳು.

"ಅಮ್ಮಾ, ಮೆಸೇಜು. ದೊಡ್ಡವಳ ಕಾ... ಲೇಜು ಖಾತೆಗೆ ಎರಡು ಸಾವಿರ ಜಮಾ ಆಗಿದೆ."

"ಸರಿ, ಇಡು."

ಚಿಕ್ಕವಳು ಫೋನ್ ಇಡಲಿಲ್ಲ. ಆಮೇಲೆ ಕೇಳಿದಳು. ದೂರುವ ದನಿಯಲ್ಲ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ.

"ಅಮ್ಮಾ, ಅಕ್ಕನ ಕಾಲೇಜು ಮುಗಿದ ಮೇಲೆ ನನ್ನ ಕನ್ನಡಕನಾ?"

ಅಕ್ಕ ಇಲ್ಲ ಎಂದು ಚಿಕ್ಕವಳಿಗೆ ಗೊತ್ತಿತ್ತು. ಅಕ್ಕನ ಕಾಲೇಜೂ ಇಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಎಷ್ಟು ವರ್ಷ ಅಮ್ಮ ಕಾಲೇಜು? ನಾಲ್ಕಾ? ಪರವಾಗಿಲ್ಲ. ಬೋರ್ಡಿನಲ್ಲಿ ಬರೆದಿದ್ದನ್ನ ಪಕ್ಕದವಳು ಹೇಳ್ತಾಳೆ, ನಾನು ಬರ್ಕೋತೀನಿ. ಅವಳು ತಪ್ಪು ಬರೆದ್ರೆ ಮಾತ್ರ ನಂದೂ ತಪ್ಪಾಗುತ್ತೆ."

ಅಂಚಮ್ಮ ಚಾಕು ಕೆಳಗಿಟ್ಟಳು. ಒಲೆ ಆರಿಸಿದಳು. ಹೋಗಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ನಲ್ಲಿ ಬಿಟ್ಟಳು. ಎರಡು ತಿಂಗಳಿಂದ ಅತ್ತೆ ಫೋನಿನಲ್ಲಿ ಹೇಳುತ್ತಿದ್ದ ಸುಳ್ಳು ಆವತ್ತು ನಿಜವಾಯಿತು.

ಊಟದ ಹೊತ್ತಿಗೆ ಗಂಡ ಬಂದ. ಚಿಕ್ಕವಳು ಪಕ್ಕದ ಮನೆಗೆ ಆಡಲು ಹೋಗಿದ್ದಳು. ಅಂಚಮ್ಮ ತಟ್ಟೆ ಇಟ್ಟು, ಎದುರಿಗೆ ಕೂತು, ಒಂದೂ ಬಿಡದೆ ಹೇಳಿದಳು. ನಿಧಿ ನಿಲ್ಲಿಸಿದ್ದೇನೆ ಎಂದು ಅವನಿಗೆ ಹೇಳಿದ್ದು ಸುಳ್ಳು. ಕಾರ್ಡಿನಿಂದ ತೆಗೆದದ್ದು ತಾನು. ಕನ್ನಡಕದ ಡಬ್ಬಿ ಖಾಲಿ.

ಗಂಡ ಬೈಯುತ್ತಾನೆ ಎಂದುಕೊಂಡಿದ್ದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಗೊತ್ತು," ಎಂದ ಅವನು.

"ಏನು ಗೊತ್ತು?"

"ಜಂಟಿ ಖಾತೆ ಅಲ್ವೇನೇ ಅದು? ಮೆಸೇಜು ನಂಗೂ ಬರುತ್ತೆ." ಅವನು ತಟ್ಟೆಯನ್ನೇ ನೋಡುತ್ತಿದ್ದ. "ಐದನೇ ತಾರೀಖು ಅದು ಬಂದ ಮೇಲೇ ನಾನು ಕೆಲಸಕ್ಕೆ ಕೈಹಾಕೋದು. ಲಿಫ್ಟಿನ ಕೆಳಗಿರೋ ಗುಂಡಿಯೊಳಗೆ ಸಿಗ್ನಲ್ ಇರಲ್ಲ. ಅದಕ್ಕೇ ಮೇಲೇ ನಿಂತು ಕಾಯ್ತೀನಿ. ಜೊತೆಯವನು ಯಾರ ಮೆಸೇಜಿಗೆ ಕಾಯ್ತೀಯ ಅಂತ ಕಿಚಾಯಿಸ್ತಾನೆ. ಇವತ್ತು ಸಂಜೆವರೆಗೂ ಬರ್ಲಿಲ್ಲ. ಇವತ್ತು ಗುಂಡಿಗೆ ಇಳೀಲೇ ಇಲ್ಲ ನಾನು."

"ಹೇಳ್ಬಾರದಿತ್ತಾ ರೀ?"

"ಹೇಳಿದ್ರೆ ನೀನು ನಿಲ್ಲಿಸ್ತಿದ್ದೆ."

ಅತ್ತೆ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಆವತ್ತು ಎಡಗಿವಿಗೆ ಎಲ್ಲವೂ ಕೇಳಿಸಿತ್ತು.

"ಚೆನ್ನಾಗಿದೆ," ಎಂದರು. "ಮಗುವಿನ ಮಾತೆತ್ತಿದ್ರೆ ಸೊಸೆಗೆ ಬೇಜಾರು ಅಂತ ನೀನು ನನ್ನ ಬಾಯಿ ಮುಚ್ಚಿಸಿದೆ. ಗಂಡನಿಗೆ ಬೇಜಾರು ಅಂತ ಇವಳು ಮುಚ್ಚಿಸಿದ್ಲು. ನೀವಿಬ್ರೂ ಮಾತ್ರ ಬ್ಯಾಂಕಿನವರ ಹತ್ರ ಕದ್ದು ಕದ್ದು ಅವಳ ಸುದ್ದಿ ಕೇಳ್ಕೋತಿದ್ರಿ. ನಾನು ಯಾರ ಹತ್ರ ಕೇಳ್ಬೇಕಿತ್ತೋ? ಆ ಶೀತದ ಹುಡುಗನ ಹತ್ರಾನಾ?"

ಅಂಚಮ್ಮ ಅತ್ತೆಗೂ ಕುರ್ಚಿ ಎಳೆದಳು, ಮೂವರೂ ಆ ಮೇಜಿನ ಸುತ್ತ ಕೂತರು. ಊಟ ಆರಿಹೋಯಿತು.

ಭಾನುವಾರ ಮಧ್ಯಾಹ್ನ ಲೆಕ್ಕದಕ್ಕ ಬಂದಳು. ಅಂಚಮ್ಮನೇ ಹೋಗಿ ಕರೆದದ್ದು. ಬಾಗಿಲಲ್ಲೇ ಕೈ ಹಿಡಿದುಕೊಂಡು, "ಅವತ್ತು ಆಡಬಾರದ ಮಾತು ಆಡ್ಬಿಟ್ಟೆ ಅಕ್ಕ," ಎಂದಳು.

"ನಿಜಾನೇ ಅಲ್ವೇನೇ ನೀನಂದಿದ್ದು? ನಂಗೆ ಮಕ್ಕಳಿಲ್ಲ. ಅದಕ್ಕೇ ನಂಗೆ ಲೆಕ್ಕ ಕಾಣುತ್ತೆ. ನಿನ್ನ ಜಾಗದಲ್ಲಿ ನಾನಿದ್ದಿದ್ರೆ ನಂಗೂ ಕಾಣ್ತಿರ್ಲಿಲ್ಲ. ಎಲ್ಲಿ, ಒಂದು ಲೋಟ ಚಹಾ ಕೊಡು. ಆಮೇಲೆ ಮನೆಯಲ್ಲಿರೋ ಕಾಗದ ಎಲ್ಲ ತಾ. ಬಚ್ಚಿಟ್ಟಿರೋದೂ ಸೇರಿ."

ಕಾಗದಗಳು ಬಂದವು. ಹಾಸಿಗೆಯ ಕೆಳಗಿನದು, ಹಳೆಯ ಚೀಲದೊಳಗಿನದು, ಅತ್ತೆಯ ಪೆಟ್ಟಿಗೆಯೊಳಗಿನದು. ಲೆಕ್ಕದಕ್ಕ ಒಂದೊಂದನ್ನೇ ಬಿಡಿಸಿ ಮೇಜಿನ ಮೇಲೆ ಹರಡಿದಳು.

"ಮೊದಲು ಇದು ನೋಡಿ. ಕಾರ್ಡಿನ ಸಾಲಕ್ಕೆ ತಿಂಗಳಿಗೆ ಏಳು ಸಾವಿರದ ಎಂಟುನೂರು ಹೋಗುತ್ತೆ. ಅಷ್ಟೇ ದುಡ್ಡು ನಿಧಿಯಲ್ಲಿದ್ರೆ ತಿಂಗಳಿಗೆ ಸಾವಿರದ ಐನೂರು ಬರುತ್ತೆ. ಅಂದ್ರೆ ಆ ದುಡ್ಡನ್ನ ಅಲ್ಲೇ ಇಟ್ಟಿದೀವಿ ಅನ್ನೋ ಸಮಾಧಾನಕ್ಕೆ ನೀವು ಪ್ರತಿ ತಿಂಗಳು ಆರು ಸಾವಿರದ ಮುನ್ನೂರು ಕಳೀತಿದೀರಿ."

"ಹಾಗಾದ್ರೆ ಎಲ್ಲಾ ತೆಗೆದು ಮನೆ ಸಾಲಾನೂ ತೀರಿಸಿಬಿಡೋಣ," ಎಂದರು ಅತ್ತೆ. "ಒಂದೇ ಸಲ ಪೀಡೆ ಕಳೀಲಿ."

"ಬೇಡಮ್ಮಾ. ಮನೆ ಸಾಲಕ್ಕೆ ವರ್ಷಕ್ಕೆ ಎಂಟೇ ಬಡ್ಡಿ. ಅದು ನಡೀತಿರ್ಲಿ. ಎಲ್ಲಾ ಸಾಲಕ್ಕೂ ಒಂದೇ ಹಸಿವು ಇರಲ್ಲ. ಜಾಸ್ತಿ ತಿನ್ನೋದನ್ನ ಮೊದಲು ಮುಗಿಸ್ಬೇಕು. ಕೈಯಲ್ಲಿರೋದನ್ನೆಲ್ಲ ಸುರಿದುಬಿಟ್ರೆ ನಾಳೆ ಯಾರಿಗಾದ್ರೂ ಜ್ವರ ಬಂದ್ರೆ ಮತ್ತೆ ಕಾರ್ಡಿಗೇ ಓಡ್ತೀರಿ. ಮೂರು ತಿಂಗಳ ಮನೆಖರ್ಚು ಕೈಯಲ್ಲಿ ಇರಲೇಬೇಕು."

"ನನ್ನ ನಿವೃತ್ತಿ ನಿಧಿ ಇದೆ," ಎಂದ ಗಂಡ. "ಇದರ ಬದಲು ಅದನ್ನ..."

ಅವನೇಕೆ ಹಾಗೆ ಕೇಳಿದ ಎಂಬುದು ಎಲ್ಲರಿಗೂ ಗೊತ್ತಿತ್ತು.

"ಅದನ್ನ ಮುಟ್ಬೇಡಪ್ಪ," ಲೆಕ್ಕದಕ್ಕ ಮೆತ್ತಗೆ ಹೇಳಿದಳು. "ಈಗ ತೆಗೆದ್ರೆ ದಂಡ ಜಾಸ್ತಿ. ಅರವತ್ತಾದ ಮೇಲೆ ಲಿಫ್ಟ್ ಹತ್ತೋಕೆ ನಿನಗೆ ಯಾರೂ ಸಂಬಳ ಕೊಡಲ್ಲ."

ಅಂಚಮ್ಮ ಕೇಳಿದಳು, "ಅಕ್ಕ, ಅವಳು ಆಸ್ಪತ್ರೆಯಲ್ಲಿದ್ದಾಗಲೇ ಇದನ್ನ ಮುರಿಸಿದ್ರೆ?"

ಲೆಕ್ಕದಕ್ಕ ಕಾಗದಗಳ ಅಂಚು ಸರಿಮಾಡತೊಡಗಿದಳು.

"ಹೇಳಿ. ಆಗ ನಿಧಿಯಲ್ಲಿ ಮೂರು ಲಕ್ಷ ಇತ್ತು. ಕಾರ್ಡೇ ಬೇಕಾಗ್ತಿರ್ಲಿಲ್ಲ, ಅಲ್ವಾ? ಅದರ ಕಂತು ಕಟ್ಟೋಕೆ ಅಂತ ಕೊನೇ ತಿಂಗಳು ನಾನು ಎರಡೆರಡು ಪಾಳಿ ಮಾಡಿದೆ. ಇವರು ಓವರ್‌ಟೈಮ್. ಅವಳ ಹತ್ರ ಅತ್ತೆ ಒಬ್ರೇ ಇರ್ತಿದ್ರು. ನಾನು ಹೋಗೋ ಹೊತ್ತಿಗೆ ನಿದ್ದೆ ಮಾಡಿರೋಳು. ಬೇರೆಯವರ ಹಾಸಿಗೆ ಬಟ್ಟೆ ಮಡಿಸ್ತಾ ನಿಂತಿದ್ದೆ ನಾನು, ಅಕ್ಕ. ಅವಳ ಕಾಲೇಜಿನ ದುಡ್ಡು ಉಳಿಸ್ಬೇಕು ಅಂತ."

ಗಂಡ ಎದ್ದು ಕಿಟಕಿಯ ಹತ್ತಿರ ಹೋದ. ಲೆಕ್ಕ ಬಲ್ಲ ಹೆಂಗಸು ಕೂಡ ಪೆನ್ನು ಮುಚ್ಚಿ ಕೆಳಗಿಟ್ಟಳು. ಈ ಒಂದು ಲೆಕ್ಕ ಯಾವ ಕಾಗದದಲ್ಲೂ ಸರಿಹೋಗುವಂಥದ್ದಲ್ಲ.

ಕೊನೆಗೆ ಮಾತಾಡಿದವರು ಅತ್ತೆ. "ಅವಳು ಕೇಳ್ತಿದ್ಲು, ಅಮ್ಮ ಎಲ್ಲಿ ಅಂತ. ಕೆಲಸಕ್ಕೆ ಹೋಗಿದಾಳೆ ಅಂದ್ರೆ, ನನ್ನ ಕಾಲೇಜಿಗಾ ಅಂತ ಕೇಳೋಳು. ಹೂಂ ಅಂತಿದ್ದೆ. ನಗ್ತಿದ್ಲು." ಸೆರಗಿನಿಂದ ಮೂಗು ಒರೆಸಿಕೊಂಡರು. "ಆ ದುಡ್ಡು ಅವಳದು. ಅವಳ ಆಸ್ಪತ್ರೆಗೆ ಅವಳ ದುಡ್ಡೇ ಹೋಗ್ಲಿ ಕಣೇ. ಇನ್ನೊಬ್ಬಳ ಕಣ್ಣು ಯಾಕೆ ಹೋಗ್ಬೇಕು?"

ಅಂಚಮ್ಮ ಕಪಾಟಿನ ಬಾಗಿಲಲ್ಲಿದ್ದ ಚೀಟಿಯನ್ನು ನೋಡಿದಳು. "ಎಲ್ಲಿ ಸಹಿ ಮಾಡ್ಬೇಕು?" ಎಂದಳು.

"ಸಹಿ ಆಮೇಲೆ," ಎಂದಳು ಲೆಕ್ಕದಕ್ಕ. ಪೆನ್ನು ಮತ್ತೆ ತೆರೆದಳು. "ನಾಳೆ ಬ್ಯಾಂಕಿಗೆ ಹೋಗಿ, ಮುರಿಸಿದ್ರೆ ಎಲ್ಲಾ ಕಡಿತ ಕಳೆದು ಕೈಗೆ ಎಷ್ಟು ಬರುತ್ತೆ ಅಂತ ಕೇಳಿ. ಕಾರ್ಡಿನವರ ಹತ್ರ, ಪೂರ್ತಿ ತೀರಿಸೋಕೆ ಎಷ್ಟು ಅಂತ ಬರವಣಿಗೆಯಲ್ಲೇ ತಗೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಒಟ್ಟಿಗೆ ಕಟ್ತೀವಿ, ತಡದ ದಂಡ ಬಿಡಿ ಅಂತ ಕೇಳಿ. ಬಿಡ್ತಾರೋ ಇಲ್ವೋ, ಕೇಳೋದ್ರಲ್ಲಿ ಏನು ಹೋಗುತ್ತೆ? ಕಟ್ಟಿದ ಮೇಲೆ ಬಾಕಿ ಏನೂ ಇಲ್ಲ ಅನ್ನೋ ಪತ್ರ ತಗೊಳ್ದೆ ಬರ್ಬೇಡಿ. ಕಾರ್ಡನ್ನ ನನ್ನ ಕಣ್ಮುಂದೆ ಕತ್ತರಿಸ್ಬೇಕು."

"ಕತ್ತರಿ ನನ್ನ ಹತ್ರ ಇದೆ," ಎಂದರು ಅತ್ತೆ.

ಬ್ಯಾಂಕಿನಲ್ಲಿ ಕಡಿತವೆಲ್ಲ ಹೋಗಿ ಮೂರು ಲಕ್ಷ ತೊಂಬತ್ತೆರಡು ಸಾವಿರ ಎಂದರು. ಕಾರ್ಡಿನವರು ಹತ್ತು ದಿನ ಸತಾಯಿಸಿ, ದಂಡದಲ್ಲಿ ಐದು ಸಾವಿರ ಬಿಟ್ಟು, ಕಾಗದ ಕೊಟ್ಟರು. ಗಡುವಿಗೆ ನಾಲ್ಕು ದಿನ ಇರುವಾಗ ಗಂಡಹೆಂಡತಿ ಅರ್ಧ ದಿನ ರಜೆ ಹಾಕಿ ಬ್ಯಾಂಕಿಗೆ ಹೋದರು.

ಗಾಜಿನ ಹಿಂದೆ ಕೂತಿದ್ದ ಹುಡುಗಿಗೆ ಇಪ್ಪತ್ತೆರಡು ಇಪ್ಪತ್ತಮೂರು ವರ್ಷವಿರಬಹುದು. ಹಣ ವಾಪಸು ಪಡೆಯುವ ಅರ್ಜಿಯನ್ನು ತಿರುಗಿಸಿ ಮುಂದಿಟ್ಟಳು. ಜೊತೆಗೆ ಹನ್ನೊಂದು ವರ್ಷದ ಹಿಂದಿನ ಅರ್ಜಿಯ ಪ್ರತಿಯೂ ಇತ್ತು. ಅದರಲ್ಲಿ ಉದ್ದೇಶ ಎಂಬ ಜಾಗದಲ್ಲಿ ಅಂಚಮ್ಮನದೇ ದುಂಡು ಅಕ್ಷರ. ಮಗಳ ಓದು.

"ಇಲ್ಲಿ ಕಾರಣ ಬರೀರಿ ಮೇಡಂ," ಎಂದಳು ಹುಡುಗಿ. "ಒಂದೆರಡು ಪದ ಸಾಕು."

ಅಂಚಮ್ಮ ಪೆನ್ನು ಹಿಡಿದು ಕೂತಳು. ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು. ಗಂಡ ಅವಳ ಭುಜದ ಮೇಲೆ ಕೈಯಿಟ್ಟ. ಅವಳು ಬರೆದಳು. ಮಗಳ ಆಸ್ಪತ್ರೆ ಖರ್ಚು.

ಹುಡುಗಿ ಓದಿ ತಲೆಯೆತ್ತಿದಳು. ಅವಳ ಮುಖದಲ್ಲಿ ನಿಜವಾದ ಮರುಕವಿತ್ತು. "ಬೇಗ ಹುಷಾರಾಗ್ಲಿ ಮೇಡಂ," ಎಂದಳು.

ಇಬ್ಬರೂ ಅವಳ ಮಾತನ್ನು ತಿದ್ದಲಿಲ್ಲ.

"ಆಗ್ಲಿ," ಎಂದಳು ಅಂಚಮ್ಮ.

ಹೊರಗೆ ಬರುವಷ್ಟರಲ್ಲಿ ಇಬ್ಬರ ಫೋನೂ ಒಟ್ಟಿಗೆ ಸದ್ದು ಮಾಡಿದವು. ದೊಡ್ಡವಳ ಕಾಲೇಜು ಖಾತೆ ಮುಕ್ತಾಯವಾಗಿದೆ. ಮೆಟ್ಟಿಲಿನ ಮೇಲೆ ಅವರು ಕೂತುಬಿಟ್ಟರು. ಜನ ಅವರನ್ನು ದಾಟಿಕೊಂಡು ಹತ್ತುತ್ತಿದ್ದರು, ಇಳಿಯುತ್ತಿದ್ದರು. ಮಗಳು ಹೋದ ದಿನ ಅವರಿಬ್ಬರೂ ಒಟ್ಟಿಗೆ ಅತ್ತಿರಲಿಲ್ಲ. ಅವತ್ತು ಫಾರಂ ತುಂಬುವುದಿತ್ತು, ಜನರಿಗೆ ಹೇಳಿಕಳಿಸುವುದಿತ್ತು. ಇವತ್ತು ಮಾಡುವುದು ಏನೂ ಇರಲಿಲ್ಲ.

ಸಾಲ ತೀರಿತು. ಉಳಿದ ಒಂದು ಲಕ್ಷ ಮೂವತ್ತೇಳು ಸಾವಿರ ಬೇರೆ ಖಾತೆಯಲ್ಲಿದೆ. ಆ ಖಾತೆಗೆ ಅವರು ಯಾವ ಹೆಸರೂ ಇಟ್ಟಿಲ್ಲ. ಕಾರ್ಡಿನವರಿಗೆ ಹೋಗುತ್ತಿದ್ದ ಎಂಟು ಸಾವಿರದಲ್ಲಿ ಈಗ ಕೈಗೆ ಬಂದಷ್ಟು ಅಲ್ಲಿಗೆ ಹೋಗುತ್ತದೆ. ಬೆಳಗ್ಗೆ ಎಂಟಕ್ಕೆ ಫೋನು ಬಡಿದುಕೊಳ್ಳುವುದಿಲ್ಲ. ಆ ಹುಡುಗನ ಶೀತ ಏನಾಯಿತೋ ಎಂದು ಅತ್ತೆ ಒಮ್ಮೊಮ್ಮೆ ಕೇಳುತ್ತಾರೆ.

ಮುಂದಿನ ತಿಂಗಳು ಐದನೆಯ ತಾರೀಖು ಅಂಚಮ್ಮ ಏಪ್ರನ್ ಜೇಬಿನಲ್ಲಿ ಫೋನು ಇಟ್ಟುಕೊಂಡೇ ಬಟ್ಟೆ ಮಡಿಸಿದಳು. ಏನೂ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿತ್ತು. ಲೆಕ್ಕದಕ್ಕ ಹತ್ತಿರ ಬಂದಾಗಲೆಲ್ಲ ಅವಳ ಮುಖ ನೋಡಿ, ಮೂಲೆಗಳನ್ನು ತೆಗೆದುಕೊಂಡು ಹೋದಳು.

ಮನೆಗೆ ಬಂದಾಗ ಚಿಕ್ಕವಳು ಹೊಸ ಕನ್ನಡಕ ಹಾಕಿಕೊಂಡು ಮೇಜಿನ ಬಳಿ ನೆಟ್ಟಗೆ ಕೂತಿದ್ದಳು. ಅಮ್ಮನನ್ನು ಬಾಗಿಲಿನಿಂದಲೇ ನೋಡಿದಳು. ಅಷ್ಟು ದೂರದಿಂದ ಅವಳು ಅಮ್ಮನ ಮುಖ ನೋಡಿ ಎಷ್ಟು ಕಾಲವಾಗಿತ್ತೋ.

"ಅಮ್ಮಾ," ಎಂದಳು, ಬೆರಗಿನಿಂದ. "ನಿಂಗೆ ಇಷ್ಟೊಂದು ಬಿಳಿ ಕೂದಲು ಯಾವಾಗ ಬಂತು?"

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಯಲ್ಲೂ ಮುಟ್ಟಬಾರದು ಎಂದು ಎತ್ತಿಟ್ಟ ಹಣ ಒಂದು ಕಡೆ, ತೀರದ ಸಾಲ ಇನ್ನೊಂದು ಕಡೆ ಇರಬಹುದು. ಮುಟ್ಟಬಾರದು ಎನ್ನಲು ನಿಮಗೆ ನಿಮ್ಮದೇ ಕಾರಣವಿರುತ್ತದೆ. ಅದನ್ನು ಬಿಟ್ಟುಬಿಡಿ ಎಂದು ನಾನು ಹೇಳಲಾರೆ. ಆದರೆ ಈ ವಾರ ಒಂದು ಸಲ ಎರಡೂ ಕಾಗದಗಳನ್ನು ಒಂದೇ ಮೇಜಿನ ಮೇಲಿಡಿ. ಕೂಡಿಟ್ಟದ್ದು ನೂರಕ್ಕೆ ಎಷ್ಟು ತರುತ್ತದೆ, ಸಾಲ ನೂರಕ್ಕೆ ಎಷ್ಟು ತಿನ್ನುತ್ತದೆ ಎಂದು ನೋಡಿ. ತಿನ್ನುವುದೇ ಹೆಚ್ಚಾಗಿದ್ದರೆ ಕಡಿತವೆಷ್ಟು ಎಂದು ಕೇಳಿ, ಮೂರು ತಿಂಗಳ ಖರ್ಚು ಕೈಯಲ್ಲಿ ಉಳಿಸಿಕೊಂಡು, ಹೆಚ್ಚು ತಿನ್ನುವ ಸಾಲವನ್ನು ಮೊದಲು ಮುಗಿಸಿ. ಮುಪ್ಪಿನ ಹಣವನ್ನು ಮುಟ್ಟಬೇಡಿ. ಓದಲು ಬಾರದಿದ್ದರೆ ಬಲ್ಲವರನ್ನು ಕೇಳಿ, ನಾಚಿಕೆ ಬೇಡ. ಮತ್ತು ಆ ಮೇಜಿಗೆ ಮನೆಯವರನ್ನೆಲ್ಲ ಕರೆಯಿರಿ. ನೀವು ಒಬ್ಬರೇ ಬಚ್ಚಿಟ್ಟುಕೊಂಡು ಸಾಕುತ್ತಿರುವ ದುಃಖವನ್ನು ಪಕ್ಕದ ಕೋಣೆಯಲ್ಲಿ ಇನ್ನೊಬ್ಬರೂ ಸಾಕುತ್ತಿರಬಹುದು. ಅದರ ಖರ್ಚನ್ನು ನಿಮ್ಮಲ್ಲಿ ಯಾವ ಮಗು ಕಟ್ಟುತ್ತಿದೆ, ನೋಡಿ.